ಎರಡನೇ ಗಿಟಾರು

ಪುಟ್ಟಿಯ ಅಣ್ಣನಿಗೆ ಕೈಯೇ ಕೈಕೊಟ್ಟಿತು. ಈ ಮಾತನ್ನು ಮೊದಲು ತಮಾಷೆಗೆ ಆಡಿದವನು ಅಣ್ಣನೇ. ಆಗ ಎಲ್ಲರೂ ನಕ್ಕಿದ್ದರು. ಆಮೇಲೆ ಯಾರೂ ನಗಲಿಲ್ಲ.

ಅಣ್ಣ ಶಾಲೆಯ ಬಸ್ಸು ಓಡಿಸುತ್ತಿದ್ದ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ವಾಪಸ್ಸು ಮನೆ ಮುಟ್ಟಿಸಿ, ಉಳಿದ ಹೊತ್ತೆಲ್ಲ ಗಿಟಾರು ಹಿಡಿದು ಕೂರುತ್ತಿದ್ದ. ಅವನ ಹೆಂಡತಿ, ಅಂದರೆ ಪುಟ್ಟಿಯ ಅತ್ತಿಗೆ, ಹಾಡುತ್ತ ಬೇಸ್ ಗಿಟಾರು ನುಡಿಸುತ್ತಿದ್ದಳು. ಡ್ರಮ್ಮಿಗೆ ಒಬ್ಬ ಬಡಗಿ ಇದ್ದ. ಬಾಯಲ್ಲಿ ಆಡದ್ದನ್ನೆಲ್ಲ ಕೋಲಿನಲ್ಲಿ ಆಡಿ ತೀರಿಸುವವನು. ಅವನಿಗೆ ಮೌನಿ ಅಂತಲೇ ಹೆಸರು. ಪುಟ್ಟಿಯದು ಇನ್ನೊಂದು ಗಿಟಾರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ತಲೆಯಲ್ಲಿ ಬಿಳಿಗೂದಲು ಇಣುಕಿದ್ದರೂ ಮನೆಯವರ ಬಾಯಲ್ಲಿ ಇನ್ನೂ ಪುಟ್ಟಿಯೇ.

ನಾಲ್ವರ ಈ ತಂಡದ ಹಾಡುಗಳನ್ನೆಲ್ಲ ಕಟ್ಟಿದವನು ಅಣ್ಣ. ಅವನ ಹಾಡುಗಳಲ್ಲಿ ಎರಡು ಗಿಟಾರು ಒಂದರೊಳಗೊಂದು ಹೆಣೆದುಕೊಂಡು ಹೋಗುತ್ತಿದ್ದವು. ಪುಟ್ಟಿ ಅರ್ಧ ಹೇಳಿದ್ದನ್ನು ಅವನು ಮುಗಿಸಬೇಕು, ಅವನು ಬಿಟ್ಟ ಜಾಗದಲ್ಲಿ ಅವಳು ಕಾಲಿಡಬೇಕು. ಕೇಳುವವರಿಗೆ ಯಾವುದು ಯಾರದು ಅಂತ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಸಲ ಪುಟ್ಟಿಗೇ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಅವನ ಎಡಗೈಯ ಉಂಗುರದ ಬೆರಳು ಹಟ ಹಿಡಿಯಿತು. ಗಿಟಾರಿನ ಕತ್ತು ಹಿಡಿದ ಕೂಡಲೇ ಅದು ಅಂಗೈಯೊಳಕ್ಕೆ ಮಡಚಿಕೊಳ್ಳುತ್ತಿತ್ತು. ನೋವಿಲ್ಲ, ಊತವಿಲ್ಲ. ಬಸ್ಸಿನ ಸ್ಟೀರಿಂಗು ತಿರುಗಿಸುವಾಗ, ಅಂಗಿಯ ಗುಂಡಿ ಹಾಕುವಾಗ, ಸೂಜಿಗೆ ದಾರ ಪೋಣಿಸುವಾಗ ಅದರಷ್ಟು ಸಾಧು ಬೆರಳು ಇನ್ನೊಂದಿಲ್ಲ. ತಂತಿಯ ಮೇಲಿಟ್ಟರೆ ಮಾತ್ರ ಬಸವನ ಹುಳುವಿನ ಹಾಗೆ ಒಳಕ್ಕೆ. ನರಗಳ ವೈದ್ಯೆ ಅವನ ಕೈಯನ್ನು ಹಿಂದೆ ಮುಂದೆ ಮಾಡಿ ನೋಡಿ, "ಕೈಯಲ್ಲಿ ಏನೂ ದೋಷ ಇಲ್ಲ. ಒಂದೇ ಕೆಲಸಾನ ವರ್ಷಗಟ್ಟಲೆ ಮಾಡಿದೋರಿಗೆ ಹೀಗಾಗೋದುಂಟು. ಮಿದುಳಿಗೆ ಯಾವ ಬೆರಳು ಯಾವುದು ಅಂತ ಗೊಂದಲ ಆಗಿಬಿಡುತ್ತೆ. ಸ್ವಲ್ಪ ದಿನ ಗಿಟಾರು ಮುಟ್ಟಬೇಡಿ," ಎಂದಳು.

"ಆಮೇಲೆ ಸರಿ ಹೋಗುತ್ತಾ?"

"ಕೆಲವರಿಗೆ ಹೋಗುತ್ತೆ," ಎಂದಳು ವೈದ್ಯೆ.

ಅಣ್ಣ ಹೊರಗೆ ಬಂದವನು ಆ 'ಕೆಲವರಿಗೆ' ಎಂಬ ಮಾತನ್ನೇ ದಾರಿಯುದ್ದಕ್ಕೂ ಅಗಿಯುತ್ತ ಬಂದ.

ಅಷ್ಟರಲ್ಲಿ ಒಂದು ಕಾರ್ಯಕ್ರಮಕ್ಕೆ ಒಪ್ಪಿಕೊಂಡಾಗಿತ್ತು. ಹಳೆಯ ಗೋದಾಮೊಂದನ್ನು ರಿಪೇರಿ ಮಾಡಿ ಸಭಾಂಗಣ ಮಾಡಿದ್ದರು. ಅದರ ಮೊದಲ ಭಾನುವಾರದ ಮಧ್ಯಾಹ್ನ ನುಡಿಸಲು ಇವರನ್ನು ಕರೆದಿದ್ದರು. "ನೀವು ಮೂವರೇ ಮಾಡಿ," ಎಂದ ಅಣ್ಣ. "ಸ್ವಲ್ಪ ಬೋಳು ಬೋಳಾಗಿ ಕೇಳಿಸುತ್ತೆ. ಪರವಾಗಿಲ್ಲ."

ಬೋಳಾಗಿ ಕೇಳಿಸಿದ್ದು ನಿಜ. ಮೂವರು ಸೇರಿ ಒಂದು ಸಲ ಅಭ್ಯಾಸ ಮಾಡಿ ನೋಡಿದರು. ಹಲ್ಲು ಬಿದ್ದ ಬಾಯಿಯಲ್ಲಿ ಮಾತಾಡಿದ ಹಾಗಿತ್ತು. ಮೌನಿ ಕೋಲು ಕೆಳಗಿಟ್ಟು ತಲೆ ಕೆರೆದುಕೊಂಡ. ಅತ್ತಿಗೆ ಪುಟ್ಟಿಯನ್ನು ಬದಿಗೆ ಕರೆದಳು.

"ಒಂದು ಡಿಲೇ ಪೆಡಲ್ ತಗೋ ಪುಟ್ಟಿ. ಅವರ ಜಾಗ ತುಂಬೋಕೆ."

"ಅಣ್ಣನಿಗೆ ಹೇಳಿದ್ದೀರಾ?"

"ನಾನು ಹೇಳ್ತೀನಿ. ಸಮಯ ಸಂದರ್ಭ ನೋಡಿ ಹೇಳ್ತೀನಿ. ನೀನು ಮಾತ್ರ ಬಾಯಿ ಬಿಡಬೇಡ."

ಡಿಲೇ ಪೆಡಲ್ ಅಂದರೆ ಸಾಬೂನಿನ ಡಬ್ಬಿಯಷ್ಟು ದೊಡ್ಡದಾದ, ಕಾಲಲ್ಲಿ ಒತ್ತುವ ಪೆಟ್ಟಿಗೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುತ್ತದೆ. ನಾವು ನುಡಿಸಿದ್ದನ್ನು ಹಿಡಿದಿಟ್ಟುಕೊಂಡು, ಒಂದು ಗಳಿಗೆ ಬಿಟ್ಟು, ತಿರುಗಿ ನುಡಿಸುತ್ತದೆ. ಎಷ್ಟು ತಡವಾಗಿ, ಎಷ್ಟು ಸಲ, ಎಷ್ಟು ಜೋರಾಗಿ ಎನ್ನುವುದಕ್ಕೆ ಒಂದೊಂದು ತಿರುಪು. ತಡವನ್ನು ಹಾಡಿನ ತಾಳಕ್ಕೆ ಹೊಂದಿಸಿಬಿಟ್ಟರೆ, ಒಬ್ಬರು ನುಡಿಸಿದ್ದು ಇಬ್ಬರು ನುಡಿಸಿದ ಹಾಗೆ ಕೇಳುತ್ತದೆ. ಪುಟ್ಟಿಗೆ ಇದೆಲ್ಲ ಗೊತ್ತಿತ್ತು. ಅಣ್ಣ ಪಕ್ಕದಲ್ಲಿದ್ದಾಗ ಬೇಕಾಗಿರಲಿಲ್ಲ, ಅಷ್ಟೇ.

ವಾದ್ಯದ ಅಂಗಡಿಯವನನ್ನು ಅವರೆಲ್ಲ ಸಾಲ್ಡರ್ ಮಾಮ ಎನ್ನುತ್ತಿದ್ದರು. ಮುರಿದದ್ದು, ಸುಟ್ಟದ್ದು, ಮಳೆಯಲ್ಲಿ ನೆನೆದದ್ದು ಏನೇ ತಂದರೂ ಬೆಸುಗೆ ಹಾಕಿ ಬದುಕಿಸಿ ಕೊಡುತ್ತಿದ್ದ.

"ಯಾತಕ್ಕೆ ಬೇಕಮ್ಮ? ಸ್ವರಕ್ಕೆ ಸ್ವಲ್ಪ ಹೊಳಪು ಬರಲಿ ಅಂತಲೋ, ಇಲ್ಲಾ ಜೊತೆಗೆ ಇನ್ನೊಬ್ಬರು ಇದ್ದ ಹಾಗಿರಲಿ ಅಂತಲೋ?"

"ಇನ್ನೊಬ್ಬರು ಇದ್ದ ಹಾಗೆ," ಎಂದಳು ಪುಟ್ಟಿ ಬೇರೆಲ್ಲೋ ನೋಡುತ್ತ.

ಮಾಮ ಎರಡು ಪೆಟ್ಟಿಗೆ ತಂದಿಟ್ಟ. ಒಂದು ಹಸಿರು, ಹಳೇ ಪದ್ಧತಿಯದು. ಅದರೊಳಗಿಂದ ಮರಳಿ ಬರುವ ಸ್ವರ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮಬ್ಬಾಗುತ್ತ, ಕಂಬಳಿ ಹೊದ್ದುಕೊಳ್ಳುತ್ತ, ಕೊನೆಗೆ ಗೊಣಗಾಟವಾಗಿ ಕರಗುತ್ತಿತ್ತು. ಇನ್ನೊಂದು ಬೂದು ಬಣ್ಣದ್ದು, ಡಿಜಿಟಲ್. ಕೊಟ್ಟದ್ದನ್ನು ಕೊಟ್ಟ ಹಾಗೇ, ತೊಳೆದ ಗಾಜಿನ ಹಾಗೆ, ವಾಪಸ್ಸು ಕೊಡುತ್ತಿತ್ತು.

ಬೂದು ಪೆಟ್ಟಿಗೆಯ ತಿರುಪನ್ನು ತಾಳದ ಮುಕ್ಕಾಲು ಮಾತ್ರೆಯ ತಡಕ್ಕೆ ಹೊಂದಿಸಿ ಪುಟ್ಟಿ ಅಣ್ಣನದೊಂದು ಹಾಡು ಶುರು ಮಾಡಿದಳು. ಬರೀ ತನ್ನ ಪಾಲು. ಅವಳು ಬಿಟ್ಟ ಜಾಗಕ್ಕೆಲ್ಲ ಸ್ವರಗಳು ಬಂದು ಕೂತವು, ಒಂದೂ ದಾರಿ ತಪ್ಪದೆ. ಅವಳಿಗೆ ಮೈ ಜುಂ ಎಂದಿತು. ನಗು ಬಂತು. ಗಟ್ಟಿಯಾಗಿಯೇ ನಕ್ಕುಬಿಟ್ಟಳು. ಮರುಕ್ಷಣ ನುಡಿಸುವುದನ್ನು ನಿಲ್ಲಿಸಿದಳು. ಇಷ್ಟು ಸುಲಭವಾ ಇದು? ಒಬ್ಬ ಮನುಷ್ಯ ಎದ್ದು ಹೋದ ಜಾಗಕ್ಕೆ ಒಂದು ಪೆಟ್ಟಿಗೆ ಸಾಕಾ? ಅದಕ್ಕೆ ತಾನು ನಗುವುದಾ?

"ನಿಮ್ಮಣ್ಣ ಹುಷಾರಾಗಿದ್ದಾನಾ?" ಮಾಮ ಮೆಲ್ಲಗೆ ಕೇಳಿದ.

"ಹ್ಞೂಂ. ಬಸ್ಸು ಓಡಿಸ್ತಿದ್ದಾನೆ."

"ಎರಡೂ ತಗೊಂಡು ಹೋಗು. ನಿನ್ನ ಆಂಪ್ಲಿಫೈಯರಲ್ಲಿ ಹಾಕಿ ನೋಡು. ಬೇಡದ್ದು ತಂದುಕೊಡು."

ಅಭ್ಯಾಸದ ಕೋಣೆ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗೋಡೆಗೆಲ್ಲ ಹಳೆಯ ಹಾಸಿಗೆಯ ಸ್ಪಂಜು ಅಂಟಿಸಿದ್ದರು. ಮಾರನೆಯ ಸಂಜೆ ಪುಟ್ಟಿ ಉಳಿದವರಿಗಿಂತ ಮೊದಲೇ ಬಂದು ಬೂದು ಪೆಟ್ಟಿಗೆ ಜೋಡಿಸಿ ನುಡಿಸತೊಡಗಿದಳು. ನುಡಿಸುತ್ತ ನುಡಿಸುತ್ತ ಹಿಂದಿನ ದಿನದ ಅಳುಕು ಮರೆತಳು. ಕಣ್ಣು ಮುಚ್ಚಿಕೊಂಡಿದ್ದರಿಂದ ಬಾಗಿಲು ತೆರೆದದ್ದು ಗೊತ್ತಾಗಲಿಲ್ಲ.

ಅಣ್ಣ ನಿಂತಿದ್ದ. ಕೈಯಲ್ಲಿ ಅವಳ ಗಿಟಾರಿನ ಕೇಬಲ್ಲು. ಕಡಿದಿದ್ದನ್ನು ಸರಿ ಮಾಡಿ ತಂದಿದ್ದ. ಅವಳು ತಂತಿಗಳ ಮೇಲೆ ಅಂಗೈ ಇಟ್ಟಳು. ಪೆಟ್ಟಿಗೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ನುಡಿದು ನಿಂತಿತು.

ಅಣ್ಣ ಕೋಣೆಯೊಳಗೆಲ್ಲ ಕಣ್ಣಾಡಿಸಿದ. ಡ್ರಮ್ಮಿನ ಹಿಂದೆಯೂ ಇಣುಕಿದ.

"ಎಲ್ಲಿ ಅವರು?"

"ಯಾರು?"

"ಇನ್ನೊಂದು ಗಿಟಾರು ನುಡಿಸ್ತಿದ್ದೋರು. ಮೆಟ್ಟಿಲಲ್ಲಿ ನಿಂತು ಕೇಳ್ತಿದ್ದೆ. ಯಾರೋ ಸಿಕ್ಕಿದ್ದಾರೆ ಅಂದ್ಕೊಂಡೆ. ಹೆಂಗೆ ಮಾತಾಡಿಸೋದು ಅಂತ ಯೋಚನೆ ಮಾಡ್ಕೊಂಡು ಒಳಗೆ ಬಂದೆ."

"ಯಾರೂ ಇಲ್ಲ ಅಣ್ಣ."

ಅವಳ ಕಾಲ ಬಳಿ ಕೆಂಪು ದೀಪ ಉರಿಯುತ್ತಿದ್ದ ಪೆಟ್ಟಿಗೆಯನ್ನು ಅವನು ಆಗ ನೋಡಿದ. ನೋಡಿ, ಕೇಬಲ್ಲನ್ನು ಸುರುಳಿ ಸುತ್ತಿ ಕುರ್ಚಿಯ ಮೇಲಿಟ್ಟ. ಆ ಸುರುಳಿಯನ್ನು ಬಿಚ್ಚಿ ಮತ್ತೊಮ್ಮೆ ಸುತ್ತಿದ.

"ಮನುಷ್ಯ ಆಗಿದ್ರೆ ಚೆನ್ನಾಗಿತ್ತು," ಎಂದ. "ಜಗಳನಾದ್ರೂ ಆಡಬಹುದಿತ್ತು."

"ಅತ್ತಿಗೆ ನಿನಗೆ ಹೇಳ್ತೀನಿ ಅಂದಿದ್ರು."

"ಓ. ಅವಳಿಗೂ ಗೊತ್ತು." ಅಣ್ಣ ತಲೆಯಾಡಿಸಿದ. "ಮೌನಿಗೂ ಗೊತ್ತಿರಬೇಕು. ಅವನು ಹೇಗಿದ್ರೂ ಹೇಳೋನಲ್ಲ."

ಆ ದಿನ ಅಣ್ಣನ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಮರುದಿನ ಅತ್ತಿಗೆ ಕನ್ನಡಕದ ಅಂಗಡಿಗೇ ಬಂದಳು. ಕಣ್ಣು ಕೆಂಪಗಿತ್ತು. ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಎದುರಿನ ಗೋಡೆಯ ಮೇಲಿದ್ದ ಅಕ್ಷರಗಳ ಫಲಕವನ್ನು ನೋಡುತ್ತ ಹೇಳಿದಳು:

"ನಾನು ಏನಂತ ಹೇಳಲಿ ಪುಟ್ಟಿ? ರೀ, ನಿಮ್ಮ ಬದಲಿಗೆ ಪೆಟ್ಟಿಗೆ ತರ್ತೀವಿ ಅಂತ ಹೇಳೋಕೆ ನನಗೆ ನಾಲಿಗೆ ಹೊರಳಲಿಲ್ಲ. ಹೇಳದೇ ಇದ್ದದ್ದು ತಪ್ಪೇ. ಆದರೆ ಹಾಡು ನಿಂತುಹೋದ್ರೆ ಆ ಮನುಷ್ಯ ಉಳಿಯಲ್ಲ. ಅದಕ್ಕೇ ಮಾಡಿದ್ದು. ಅದನ್ನ ಹೇಳಿದ್ರೆ, 'ಹಾಡು ನಿಂತಿಲ್ಲ, ನಿಂತಿರೋದು ನಾನು' ಅಂತಾರೆ."

"ಪೆಟ್ಟಿಗೆ ವಾಪಸ್ಸು ಕೊಟ್ಟುಬಿಡ್ತೀನಿ ಅತ್ತಿಗೆ. ಕಾರ್ಯಕ್ರಮಾನೂ ಬೇಡ."

ಅತ್ತಿಗೆ ಕುರ್ಚಿಯಿಂದ ಎದ್ದಳು. ಕೈಚೀಲ ಎತ್ತಿಕೊಂಡು ಹೋದಳು.

ರಜೆಯ ದಿನ ಪುಟ್ಟಿ ಎರಡೂ ಪೆಟ್ಟಿಗೆಗಳನ್ನು ಚೀಲಕ್ಕೆ ಹಾಕಿ, ಗಿಟಾರು ಹೆಗಲಿಗೇರಿಸಿ ಹೊರಟಳು. ಗೇಟಿನ ಹೊರಗೆ ಅಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ವಾಪಸ್ಸು ಕೊಡೋಕಾ?"

"ಹ್ಞೂಂ."

"ಕೊಡು. ಆ ಬೂದು ಪೆಟ್ಟಿಗೆ ಸರಿ ಇಲ್ಲ. ನಡಿ, ನಾನು ನೋಡ್ತೀನಿ. ನಿನಗೆ ಬಿಟ್ರೆ ಎಂಥದ್ದೋ ತಂದು ನನ್ನ ಹಾಡೆಲ್ಲ ಕೆಡಿಸ್ತೀಯ."

ಅಂಗಡಿಯಲ್ಲಿ ಸಾಲ್ಡರ್ ಮಾಮ ಅಣ್ಣನ ಮುಖ ನೋಡಿ ಏನೋ ಕೇಳಲು ಹೋದವನು ನಾಲಿಗೆ ಕಚ್ಚಿಕೊಂಡು ಸ್ಟೂಲು ಎಳೆದು ಕೊಟ್ಟ. ಅಣ್ಣ ಅದನ್ನು ತಿರುಗಿಸಿಕೊಂಡು ಪುಟ್ಟಿಗೆ ಬೆನ್ನು ಹಾಕಿ ಕೂತ.

"ಬೂದು ಹಾಕು. ನುಡಿಸು."

ಅವಳು ನುಡಿಸಿದಳು.

"ಸಾಕು. ಇದಕ್ಕೆ ಬುದ್ಧಿ ಇಲ್ಲ. ನೀನು ಹೇಳಿದ್ದನ್ನೇ ನಿನಗೆ ಒಪ್ಪಿಸ್ತಾ ಇದೆ. ಹಸಿರು ಹಾಕು."

ಹಸಿರು ಪೆಟ್ಟಿಗೆಗೆ ಅವನ ಹೆಗಲು ಸ್ವಲ್ಪ ಸಡಿಲವಾಯಿತು. "ಇದು ಮರೀತಾ ಮರೀತಾ ಹೋಗುತ್ತೆ. ಮನುಷ್ಯರ ಥರ. ಇದು ವಾಸಿ." ಸ್ವಲ್ಪ ಯೋಚಿಸಿ ಮತ್ತೆ ತಲೆ ಅಲ್ಲಾಡಿಸಿದ. "ಆದರೆ ಮೌನಿ ಇದ್ದಾನಲ್ಲ. ಉತ್ಸಾಹ ಬಂದ್ರೆ ಓಟ ಕೀಳ್ತಾನೆ. ಅವನು ಓಡಿದ್ರೆ ಇದು ಹಿಂದೆ ಬೀಳುತ್ತೆ, ನೀನು ನಡುವೆ ಸಿಕ್ಕಿಹಾಕ್ಕೊಳ್ತೀಯ. ಮಾಮ, ಇದೇ ಥರ ಮಬ್ಬಾಗಬೇಕು, ಆದರೆ ಕಾಲಲ್ಲಿ ತಟ್ಟಿ ತಾಳ ಹೇಳಿಕೊಡೋ ಹಾಗಿರಬೇಕು. ಇದೆಯಾ?"

ಮಾಮ ಒಳಗಿನಿಂದ ನೀಲಿ ಪೆಟ್ಟಿಗೆಯೊಂದನ್ನು ತಂದ. ಅದಕ್ಕೆ ಎರಡು ಗುಂಡಿ. ಒಂದು ಶುರು ಮಾಡಲು, ಇನ್ನೊಂದು ತಾಳ ತಟ್ಟಲು. ಪುಟ್ಟಿ ನುಡಿಸಿದಳು. ಅಣ್ಣ ಬೆನ್ನು ತಿರುಗಿಸಿಕೊಂಡೇ ಹೇಳುತ್ತ ಹೋದ: ಇನ್ನೊಂಚೂರು ತಡ, ಅಷ್ಟೊಂದು ಸಲ ಬೇಡ, ದನಿ ತಗ್ಗಿಸು, ಇನ್ನೂ ತಗ್ಗಿಸು.

"ಇಷ್ಟು ತಗ್ಗಿದ್ರೆ ಕೇಳೋದೇ ಇಲ್ಲ ಅಣ್ಣ."

"ನಾನು ಯಾವಾಗಲೂ ನಿನಗಿಂತ ಕೆಳಗೇ ನುಡಿಸ್ತಿದ್ದೆ."

"ನೀನಾ? ನನ್ನ ತಲೆ ಮೇಲೆ ಕೂತು ನುಡಿಸ್ತಿದ್ದೆ!"

ಮಾಮನಿಗೆ ನಗು ತಡೆಯಲಾಗಲಿಲ್ಲ. ಅಣ್ಣನೂ ನಕ್ಕ. ಬಹಳ ದಿನಗಳ ಮೇಲೆ ಆ ನಗು ಕೇಳಿ ಪುಟ್ಟಿಯ ಎದೆ ಹಗುರಾಯಿತು. ಅವನು ಎದ್ದು ಬಂದು ತಾನೇ ತಿರುಪುಗಳನ್ನು ಹಿಡಿದ. ಎಡಗೈಯಲ್ಲೇ. ಉಂಗುರದ ಬೆರಳು ನೆಟ್ಟಗೆ, ವಿನಯದಿಂದ, ಹೇಳಿದಷ್ಟೇ ತಿರುಗಿಸಿತು. ಆಮೇಲೆ ಕೈ ಚಾಚಿ, "ಇಲ್ಲಿ ಕೊಡು ಒಂದ್ನಿಮಿಷ," ಎಂದ.

ಬೇಡ ಅನ್ನಬೇಕೆನಿಸಿತು ಅವಳಿಗೆ. ಆದರೂ ಗಿಟಾರು ಕೊಟ್ಟಳು.

ಅಣ್ಣ ತೋರುಬೆರಳಿಟ್ಟು ಒಂದು ಸ್ವರ ಮೀಟಿದ. ಪೆಟ್ಟಿಗೆ ಅದನ್ನು ದೂರದಿಂದ ಕರೆದ ಹಾಗೆ ಮರಳಿಸಿತು. ಎರಡನೆಯ ಬೆರಳು, ಅದೂ ಸರಿ. ಅವನ ಮುಖದಲ್ಲಿ ಆಸೆ ಮೂಡಿದ್ದನ್ನು ಪುಟ್ಟಿ ಕಂಡಳು. ಹಾಡಿನ ಮೊದಲ ಸಾಲಿಗೆ ಕೈ ಹಾಕಿದ. ಉಂಗುರದ ಬೆರಳು ತಂತಿ ಮುಟ್ಟುವ ಮೊದಲೇ ಮಡಚಿಕೊಂಡು ಬೇರೆ ತಂತಿಗೆ ತಗುಲಿತು. ಗೊರಕ್ಕೆಂದು ಸತ್ತ ಸ್ವರವೊಂದು ಹೊರಬಿತ್ತು.

ಅಣ್ಣ ಕೈ ಎತ್ತಿಬಿಟ್ಟ. ಆದರೆ ಪೆಟ್ಟಿಗೆಗೆ ಅದೆಲ್ಲ ಗೊತ್ತಿಲ್ಲ. ಆ ತಪ್ಪನ್ನು ಅದು ನಿಷ್ಠೆಯಿಂದ ಮತ್ತೆ ನುಡಿಯಿತು. ಮತ್ತೆ. ಮತ್ತೂ ಮತ್ತೆ. ಪುಟ್ಟಿ ನಿಲ್ಲಿಸಲೆಂದು ಕಾಲು ಮುಂದೆ ಮಾಡಿದಳು.

"ಬಿಡು," ಎಂದ ಅಣ್ಣ. "ಮುಗೀಲಿ."

ಮೂವರೂ ಕಾದರು. ಅದು ಮಬ್ಬಾಗಿ, ಗೊಣಗಿ, ಕೊನೆಗೆ ಇಲ್ಲವಾಯಿತು. ಅಣ್ಣ ಗಿಟಾರು ಅವಳ ಕೈಗಿತ್ತು, "ಇದೇ ತಗೋ. ಚೆನ್ನಾಗಿದೆ," ಎಂದು ಹೊರಗೆ ಹೋಗಿ ರಸ್ತೆಯ ಆಚೆ ಬದಿಗೆ ನಿಂತ.

ಭಾನುವಾರ ಗೋದಾಮು ತುಂಬಿತ್ತು. ಅಣ್ಣ ಬರುವುದಿಲ್ಲ ಎಂದೇ ಎಣಿಸಿದ್ದರು. ಬಂದ. ಆಂಪ್ಲಿಫೈಯರ್ ಹೊತ್ತ, ತಂತಿಗಳ ಶ್ರುತಿ ನೋಡಿದ, ಅತ್ತಿಗೆಗೆ ನೀರಿನ ಬಾಟಲಿ ತಂದಿಟ್ಟ. ಅವರಿಬ್ಬರ ನಡುವೆ ಬೇಕು ಬೇಡದ ಮಾತಷ್ಟೇ ಇತ್ತು. ಆಮೇಲೆ ಜನರ ಹಿಂದೆ, ಕಂಬಕ್ಕೆ ಒರಗಿ ನಿಂತ.

ಮೂರನೆಯ ಹಾಡಿನಲ್ಲಿ ಮೌನಿ ಅಣ್ಣ ಹೇಳಿದ ಹಾಗೇ ಓಟ ಕಿತ್ತ. ನೀಲಿ ಪೆಟ್ಟಿಗೆ ಹಿಂದೆ ಬಿತ್ತು, ಸ್ವರಗಳು ಒಂದರ ಕಾಲನ್ನೊಂದು ತುಳಿದವು. ಪುಟ್ಟಿ ಬೆವೆತುಹೋದಳು. ಗುಂಡಿಯನ್ನು ಕಾಲಲ್ಲಿ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಹಾಡು ಮತ್ತೆ ಹಳಿಗೆ ಬಂತು. ಯಾರಿಗೂ ತಿಳಿಯಲಿಲ್ಲ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅತ್ತಿಗೆ ಉಸಿರು ಬಿಟ್ಟು ಪುಟ್ಟಿಯ ಭುಜ ಹಿಂಡಿದಳು. ಖುಷಿಪಡಬೇಕಾದ ಗಳಿಗೆ. ಪುಟ್ಟಿ ಕಂಬದ ಕಡೆ ನೋಡಿದಳು. ಅಣ್ಣನ ಪಕ್ಕದಲ್ಲಿ ಯಾರೋ ಕೈಯಾಡಿಸುತ್ತ ಮಾತಾಡುತ್ತಿದ್ದರು, ಅಣ್ಣ ತಲೆದೂಗುತ್ತಿದ್ದ.

ಸಾಮಾನು ವ್ಯಾನಿಗೆ ಹಾಕುವಾಗ ಅವಳು ಕೇಳಿದಳು, "ಯಾರದು? ಏನಂದ್ರು?"

"ಯಾರೋ. ಮೂರು ಜನ ಸೇರಿ ನಾಲ್ಕು ಜನರ ಹಾಗೆ ನುಡಿಸ್ತಾರಲ್ಲ, ಒಂದು ಚೂರೂ ಕೊರತೆ ಕಾಣಲಿಲ್ಲ ಅಂದ್ರು."

"ನೀನೇನಂದೆ?"

"ಹೌದು ಅಂದೆ." ಡ್ರಮ್ಮನ್ನು ಒಳಗೆ ತಳ್ಳಿ, ಬಾಗಿಲು ಹಾಕಲು ಹೋದವನು ಹಾಗೇ ಹಿಡಿದುಕೊಂಡು ನಿಂತ. "ಪುಟ್ಟಿ, ನಿನ್ನ ಹತ್ರ ಮುಚ್ಚಿಡೋದು ಯಾಕೆ. ನಾನೇ ಆರಿಸಿ ಕೊಟ್ಟೆ, ನಾನೇ ತಿರುಪು ಹೊಂದಿಸಿ ಕೊಟ್ಟೆ. ಆದ್ರೂ ಎಲ್ಲೋ ಒಂದು ಕಡೆ ಖಾಲಿ ಬಿದ್ದೇ ಬೀಳುತ್ತೆ, ಅಲ್ಲಿ ನಾನಿಲ್ಲ ಅಂತ ಗೊತ್ತಾಗುತ್ತೆ ಅಂತ ಕಾಯ್ತಾ ನಿಂತಿದ್ದೆ. ಮೌನಿ ಓಡಿದಾಗ ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ? ನಿನ್ನ ಮುಖ ಬಿಳಿಚಿಕೊಂಡಿತ್ತು, ನನಗೆ ಸಂತೋಷ. ನೀನು ಸರಿ ಮಾಡಿಕೊಂಡುಬಿಟ್ಟೆ."

ಪುಟ್ಟಿ ಗಿಟಾರಿನ ಚೀಲವನ್ನು ವ್ಯಾನಿನೊಳಗೆ ಇಟ್ಟಳು. ಖಾಲಿ ಇತ್ತು ಅಣ್ಣ, ಎಲ್ಲ ಕಡೆಯೂ ಇತ್ತು ಅಂತ ಹೇಳಿದರೆ ಸಮಾಧಾನಕ್ಕೆ ಹೇಳಿದ ಹಾಗಾಗುತ್ತದೆ. ನಿಜ ಹೇಳಬೇಕೆಂದರೆ, ನುಡಿಸುವಾಗ ಅವಳಿಗೆ ಅವನ ನೆನಪೇ ಬಂದಿರಲಿಲ್ಲ. ಅದನ್ನು ಹೇಳುವ ಬಾಯಿ ಅವಳಿಗಿರಲಿಲ್ಲ.

"ಅತ್ತಿಗೆ ಕಾಯ್ತಿದ್ದಾರೆ," ಎಂದಳು.

"ನೀವು ಹೋಗಿ. ನಾನು ನಡಕೊಂಡು ಬರ್ತೀನಿ."

ಅಂದಿನಿಂದ ಅಣ್ಣ ಅಭ್ಯಾಸದ ಕೋಣೆಗೆ ಬರುವುದನ್ನು ಬಿಟ್ಟ. ಕರೆಯಲು ಪುಟ್ಟಿ ಒಮ್ಮೆ ಬಸ್ಸು ನಿಲ್ಲಿಸುವ ಜಾಗಕ್ಕೇ ಹೋದಳು. ಅವನು ಮಕ್ಕಳು ಬಿಟ್ಟುಹೋದ ಕೈಗವಸು, ಪೆನ್ಸಿಲ್ಲು ಆರಿಸುತ್ತ ಸೀಟುಗಳ ನಡುವೆ ಗುಡಿಸುತ್ತಿದ್ದ. "ಬರಲ್ಲ ಪುಟ್ಟಿ. ಹೊಟ್ಟೆಕಿಚ್ಚಾಗುತ್ತೆ. ಒಂದು ಡಬ್ಬಿ ಮೇಲೆ ಹೊಟ್ಟೆಕಿಚ್ಚು ಪಡೋನನ್ನ ಯಾರಾದ್ರೂ ನೋಡಿದ್ದೀಯಾ?" ಎಂದು ನಗಲು ನೋಡಿದ. ಆಗಲಿಲ್ಲ. ಹಾಗಾದರೆ ಪೆಡಲು ಬಿಟ್ಟೇ ನುಡಿಸುತ್ತೇವೆ ಎಂದಳು ಅವಳು. ಅದಕ್ಕೆ ಮಾತ್ರ ಅವನು ರೇಗಿದ. "ನನ್ನ ಮೇಲೆ ಕನಿಕರಕ್ಕೆ ಹಾಡು ಹಾಳು ಮಾಡ್ತೀಯಾ? ಹಾಗೇನಾದ್ರೂ ಮಾಡಿದ್ರೆ ನನ್ನ ಮುಖ ನೋಡಬೇಡ."

ಹಾಗಾಗಿ ಪೆಡಲು ಉಳಿಯಿತು. ಇನ್ನೆರಡು ಕಡೆ ಕರೆದರು, ಹೋಗಿ ನುಡಿಸಿ ಬಂದರು. ಅಣ್ಣ ವೈದ್ಯೆಯ ಬಳಿ ಹೋಗುತ್ತಿದ್ದಾನೆ ಎಂದು ಅತ್ತಿಗೆ ಹೇಳಿದಳು. ಒಂದೊಂದೇ ಬೆರಳಿಗೆ ಮೊದಲಿಂದ ಪಾಠ ಹೇಳಿಕೊಡಬೇಕಂತೆ. ಗುಣವಾಗುತ್ತಿದೆಯಾ ಎಂದು ಮನೆಯಲ್ಲಿ ಯಾರೂ ಕೇಳುವ ಹಾಗಿಲ್ಲವಂತೆ.

ಅತ್ತಿಗೆಯ ಹೊಸ ಕನ್ನಡಕ ಕೊಡಲು ಪುಟ್ಟಿ ಒಂದು ಬೆಳಿಗ್ಗೆ ಅವರ ಮನೆಗೆ ಹೋದಳು. ಅಣ್ಣ ಅಡುಗೆಮನೆಯ ಮೇಜಿನ ಬಳಿ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ವೈರಿಲ್ಲ, ಆಂಪ್ಲಿಫೈಯರಿಲ್ಲ. ತಂತಿಯ ಸಣ್ಣ ಕೀರಲು ದನಿ ಮಾತ್ರ. ಅವಳನ್ನು ನೋಡಿ ಮುಚ್ಚಿಡುತ್ತಾನೇನೋ ಅಂದುಕೊಂಡಳು. ಮುಚ್ಚಿಡಲಿಲ್ಲ.

"ಕೂತ್ಕೋ," ಎಂದ. "ಏನೂ ಹೇಳಬೇಡ."

ಕೂತಳು. ತೋರುಬೆರಳು, ಒಂದು ಸ್ವರ. ನಡುಬೆರಳು, ಒಂದು ಸ್ವರ. ಉಂಗುರದ ಬೆರಳು ತಂತಿಯ ತನಕ ಹೋಗಿ, ನಡುಗಿ, ಒಳಗೆ ಸರಿಯಿತು. ಅಣ್ಣ ಬಲಗೈಯಿಂದ ಅದನ್ನು ಹಿಡಿದು, ಬಸ್ಸಿನಿಂದ ಮಗುವನ್ನು ಇಳಿಸುವಷ್ಟು ನಿಧಾನಕ್ಕೆ, ಬಿಡಿಸಿ ತಂತಿಯ ಮೇಲಿಟ್ಟ. ಕೈ ಬಿಟ್ಟ ಕೂಡಲೇ ಅದು ಮತ್ತೆ ಒಳಕ್ಕೆ. ಮತ್ತೆ ಬಿಡಿಸಿದ. ಅತ್ತಿಗೆ ಬಾಗಿಲಲ್ಲಿ ಬಂದು ನಿಂತು, ಹೊಸ ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದಳು. ಪುಟ್ಟಿಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು. ಅವಳು ಏಳಲಿಲ್ಲ.